ಐಸ್ ಹಾಕಿ ಸ್ಕೇಟಿನ ಬ್ಲೇಡ್: ಹಿಡಿತಕ್ಕೊಂದು ಆಕಾರ, ತಿರುವಿಗೊಂದು ಆಕಾರ

ಒಂಟಾರಿಯೊದ ನಮ್ಮ ಊರಿನ ರಿಂಕಿನಲ್ಲಿ, ಅಂದರೆ ಐಸಿನ ಅಂಗಣದಲ್ಲಿ, ಶನಿವಾರ ಬೆಳಗಿನ ಆರೂವರೆಗೆ ಮಕ್ಕಳ ಹಾಕಿ ಅಭ್ಯಾಸ ಶುರುವಾಗುತ್ತದೆ. ಮೂರು ಚಳಿಗಾಲಗಳ ಹಿಂದೆ ನನ್ನ ಮಗಳು ಅಲ್ಲಿ ಎಡಕ್ಕೆ ಸಲೀಸಾಗಿ ತಿರುಗುತ್ತಿದ್ದಳು, ಬಲಕ್ಕೆ ತಿರುಗಲು ಹೋದರೆ ಮಾತ್ರ ಕಾಲು ಸರಿದು ಬೀಳುತ್ತಿದ್ದಳು. ಇನ್ನಷ್ಟು ಅಭ್ಯಾಸ ಬೇಕೆಂದು ತರಬೇತುದಾರರು ಹೇಳಿದರು. ಹಿಡಿತ ಸಾಲದೇನೋ ಎಂದುಕೊಂಡು ನಾನು ಬ್ಲೇಡಿಗೆ ಇನ್ನೂ ಆಳವಾದ ಸಾಣೆ ಹಿಡಿಸಿದೆ. ಎಡ ತಿರುವಿನಲ್ಲಿ ಬ್ಲೇಡು ಅತಿಯಾಗಿ ಕಚ್ಚಿಕೊಳ್ಳತೊಡಗಿತೇ ಹೊರತು ಬಲ ತಿರುವು ಸುಧಾರಿಸಲಿಲ್ಲ. ಕೊನೆಗೆ ಸ್ಕೇಟನ್ನು ತಲೆಕೆಳಗಾಗಿ ಹಿಡಿದು ಬ್ಲೇಡಿನ ಅಂಚುಗಳ ಮೇಲೆ ಒಂದು ನಾಣ್ಯವನ್ನು ಅಡ್ಡಲಾಗಿ ಇಟ್ಟಾಗ ಕಾರಣ ಕಣ್ಣಿಗೆ ಬಿತ್ತು. ನಾಣ್ಯ ಓರೆಯಾಗಿ ಕೂತಿತ್ತು. ಬಲಗಾಲಿನ ಸ್ಕೇಟಿನ ಹೊರ ಅಂಚು ಒಳ ಅಂಚಿಗಿಂತ ತಗ್ಗಾಗಿತ್ತು. ನಾಲ್ಕು ವಾರ ಮಗು ತನ್ನದಲ್ಲದ ತಪ್ಪಿಗೆ ಬಿದ್ದೆದ್ದಿತ್ತು.

ಕೊಡಗಿನ ಮೈದಾನಗಳಲ್ಲೋ ಬೆಂಗಳೂರಿನ ಶಾಲೆಗಳಲ್ಲೋ ಹಾಕಿ ನೋಡಿ ಬೆಳೆದು, ಈಗ ಕೆನಡಾದಲ್ಲಿ ಅಥವಾ ಅಮೆರಿಕದಲ್ಲಿ ಮಕ್ಕಳನ್ನು ರಿಂಕಿಗೆ ಕರೆದೊಯ್ಯುವ ಕನ್ನಡಿಗರಿಗೆ ಸ್ಟಿಕ್ಕಿನ ಬಗ್ಗೆ ಒಂದಷ್ಟು ತಿಳಿದಿರುತ್ತದೆ, ಬ್ಲೇಡಿನ ಬಗ್ಗೆ ಏನೂ ತಿಳಿದಿರುವುದಿಲ್ಲ. ನಾನೂ ಹಾಗೆಯೇ ಇದ್ದೆ. ಬ್ಲೇಡಿನಲ್ಲಿ ಒಂದೇ ಆಕಾರವಲ್ಲ, ಬೇರೆ ಬೇರೆ ಕೆಲಸ ಮಾಡುವ ಮೂರು ಆಕಾರಗಳಿವೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬ್ಲೇಡನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಣುವ ತೋಡನ್ನು ಹಾಲೋ ಎನ್ನುತ್ತಾರೆ, ಹಿಡಿತ ಅದರದು. ಪಕ್ಕದಿಂದ ನೋಡಿದರೆ ಮುಂಗಾಲಿನಿಂದ ಹಿಮ್ಮಡಿಯವರೆಗೆ ಕಾಣುವ ಬಾಗು ಪ್ರೊಫೈಲ್, ತಿರುವು ಅದರದು. ಆ ಬಾಗಿನ ಮೇಲೆ ಪಾದ ಎಷ್ಟು ಮುಂದಕ್ಕೆ ವಾಲಿ ನಿಲ್ಲುತ್ತದೆ ಎಂಬುದು ಪಿಚ್, ಸಮತೋಲ ಅದರದು. ತಿರುವು ಸರಿಯಿಲ್ಲವೆಂದು ಹಾಲೋ ಬದಲಿಸುವುದು, ವೇಗ ಸಾಲದೆಂದು ಪ್ರೊಫೈಲ್ ಬದಲಿಸುವುದು, ಎರಡೂ ಸಾಲದೆಂದು ದುಬಾರಿ ಸ್ಕೇಟ್ ಕೊಳ್ಳುವುದು, ಇವೆಲ್ಲ ಈ ಮೂರನ್ನು ಒಂದೆಂದು ತಿಳಿದದ್ದರ ಫಲ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ಮೊದಲ ಹೆಜ್ಜೆ: ಅಂಚುಗಳು ಸಮವಾಗಿವೆಯೇ ನೋಡುವುದು

ಬ್ಲೇಡನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ದೀಪದ ಕೆಳಗೆ ಹಿಡಿಯಿರಿ. ಆಟಗಾರರ ಸ್ಕೇಟಿನ ಬ್ಲೇಡ್ ಸುಮಾರು 3 ಮಿ.ಮೀ. ದಪ್ಪವಿರುತ್ತದೆ, ಅದರ ತಳ ನಾಡಹೆಂಚನ್ನು ಕವುಚಿ ಇಟ್ಟಂತೆ, ಎರಡು ಬದಿಗೆ ಎರಡು ಅಂಚು, ನಡುವೆ ಒಂದು ತೋಡು. ಐಸನ್ನು ಮುಟ್ಟುವುದು ಆ ಎರಡು ಅಂಚುಗಳು. ಬಲಕ್ಕೆ ತಿರುಗುವಾಗ ಎಡಗಾಲಿನ ಒಳ ಅಂಚು ಮತ್ತು ಬಲಗಾಲಿನ ಹೊರ ಅಂಚು ದುಡಿಯುತ್ತವೆ. ಎಡಕ್ಕೆ ತಿರುಗುವಾಗ ಉಳಿದೆರಡು. ಹೀಗಾಗಿ ಒಂದು ಕಡೆಗೆ ಮಾತ್ರ ತಿರುವು ಕೆಡುತ್ತಿದ್ದರೆ ಕಾಲಿನ ಬಲವನ್ನು ಅನುಮಾನಿಸುವ ಮೊದಲು ಅಂಚುಗಳನ್ನು ಅನುಮಾನಿಸಬೇಕು.

ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದರೆ, ಅಂಚು ಹರಿತವಾಗಿದ್ದ ಕಡೆ ಉಗುರಿನಿಂದ ತೆಳುವಾದ ಪುಡಿ ಏಳುತ್ತದೆ, ಮೊಂಡಾದ ಕಡೆ ಉಗುರು ಸುಮ್ಮನೆ ಜಾರುತ್ತದೆ. ಮುಂಗಾಲು, ನಡು, ಹಿಮ್ಮಡಿ ಮೂರೂ ಕಡೆ ಎರಡೂ ಅಂಚುಗಳ ಮೇಲೆ ಹೀಗೆ ನೋಡಿ. ಅಂಚಿನ ಉದ್ದಕ್ಕೂ ಬೆರಳನ್ನು ಓಡಿಸಬೇಡಿ, ಕೈ ಕತ್ತರಿಸುತ್ತದೆ. ಆಮೇಲೆ ಒಂದು ನಾಣ್ಯವನ್ನೋ ನೇರ ಅಂಚಿನ ಸಣ್ಣ ಉಕ್ಕಿನ ಪಟ್ಟಿಯನ್ನೋ ಎರಡು ಅಂಚುಗಳ ಮೇಲೆ ಅಡ್ಡಲಾಗಿ ಕೂರಿಸಿ, ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಅದು ಬ್ಲೇಡಿಗೆ ಲಂಬವಾಗಿರಬೇಕು. ಬ್ಲೇಡಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ, ಗೆರೆ ಎಳೆದ ಅಳತೆ ಪಟ್ಟಿಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಮಕ್ಕಳು ಹಲವು ವರ್ಷ ಆಡುವವರಾದರೆ ಅದೊಂದನ್ನು ಕೊಳ್ಳುವುದು ಒಳ್ಳೆಯದು.

ಈ ಓರೆ ಕಣ್ಣಿಗೆ ಸಣ್ಣದು, ಆದರೆ ಅದರ ಕೇಡು ದೊಡ್ಡದು. ಅರ್ಧ ಇಂಚಿನ ಹಾಲೋ ಎಂದು ಕರೆಯುವ ಸಾಮಾನ್ಯ ತೋಡಿನ ಆಳ 0.08 ಮಿ.ಮೀ. ಆಸುಪಾಸು, ಅಂದರೆ ಮುದ್ರಣಕ್ಕೆ ಬಳಸುವ ಒಂದು ಹಾಳೆಯ ದಪ್ಪಕ್ಕಿಂತಲೂ ಕಡಿಮೆ. ಸಾಣೆಯ ಯಂತ್ರದಲ್ಲಿ ಬ್ಲೇಡು ಚಕ್ರದ ನಟ್ಟನಡುವೆ ಕೂರದೆ ಹೋಗಿ, ಒಂದು ಅಂಚು 0.04 ಮಿ.ಮೀ. ತಗ್ಗಾದರೆ ಇಡೀ ತೋಡಿನ ಅರ್ಧ ಆಳದಷ್ಟು ವ್ಯತ್ಯಾಸವಾಯಿತು. ಎತ್ತರದ ಅಂಚು ಚೂಪಾಗಿ ಕಚ್ಚುತ್ತದೆ, ತಗ್ಗಿನ ಅಂಚು ಮೊಂಡು ಕುಡುಗೋಲಿನಂತೆ ಮೇಲೆ ಮೇಲೆ ಸವರಿ ಹೋಗುತ್ತದೆ. ಇಂಥ ಬ್ಲೇಡಿಗೆ ಅದೇ ಯಂತ್ರದಲ್ಲಿ ಎಷ್ಟು ಆಳವಾದ ಹಾಲೋ ಹಾಕಿಸಿದರೂ ಓರೆ ಓರೆಯಾಗಿಯೇ ಉಳಿಯುತ್ತದೆ. ಅಂಚು ಸಮವಿಲ್ಲವೆಂದು ಕಂಡರೆ ಸಾಣೆ ಹಿಡಿದವರಿಗೆ ಅಲ್ಲೇ ತೋರಿಸಿ, ಯಂತ್ರವನ್ನು ಹೊಂದಿಸಿ ಮತ್ತೆ ಹಿಡಿದುಕೊಡಲು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.

ಹಾಗೆಯೇ ಬೂಟಿನಡಿ ಬ್ಲೇಡನ್ನು ಹಿಡಿದಿಡುವ ಹೋಲ್ಡರಿನಲ್ಲಿ ಬ್ಲೇಡು ಅಲುಗಾಡುತ್ತಿದೆಯೇ, ಹೋಲ್ಡರಿನ ರಿವೆಟ್ ಸಡಿಲವಾಗಿದೆಯೇ, ಬ್ಲೇಡು ಉದ್ದಕ್ಕೆ ಬಾಗಿದೆಯೇ ಎಂಬುದನ್ನೂ ನೋಡಿ ಮುಗಿಸಿ. ಹೊಸ ಸ್ಕೇಟುಗಳಿಗೂ ಮೊದಲ ಸಲ ಐಸಿಗೆ ಇಳಿಯುವ ಮೊದಲು ಸಾಣೆ ಹಿಡಿಸಬೇಕಾಗುತ್ತದೆ ಎಂಬುದು ಹಲವರಿಗೆ ತಿಳಿಯದು.

ಎರಡನೆಯ ಹೆಜ್ಜೆ: ಹಾಲೋ ಎಷ್ಟಿದೆ, ಎಷ್ಟಿರಬೇಕು

ಸಾಣೆ ಚಕ್ರದ ಅಂಚನ್ನು ವಜ್ರದ ಮೊನೆಯಿಂದ ದುಂಡಗೆ ತಿದ್ದಿರುತ್ತಾರೆ. ಆ ದುಂಡು ಯಾವ ತ್ರಿಜ್ಯದ ವೃತ್ತದ ತುಂಡೋ ಅದೇ ಹಾಲೋದ ಅಳತೆ. ಹೊಸಬರನ್ನು ತಪ್ಪುದಾರಿಗೆ ಎಳೆಯುವುದು ಇದೇ: ಸಂಖ್ಯೆ ದೊಡ್ಡದಾದಷ್ಟೂ ತೋಡು ಆಳವಿಲ್ಲದ್ದಾಗುತ್ತದೆ. ದೊಡ್ಡ ವೃತ್ತದ ಸಣ್ಣ ತುಂಡು ಚಪ್ಪಟೆಯಾಗಿ ಕಾಣುತ್ತದೆ, ಸಣ್ಣ ವೃತ್ತದ ಅಷ್ಟೇ ಅಗಲದ ತುಂಡು ಬಟ್ಟಲಿನಂತೆ ಕಾಣುತ್ತದೆ. ಸುಮಾರು 3 ಮಿ.ಮೀ. ದಪ್ಪದ ಬ್ಲೇಡಿನಲ್ಲಿ 3/8 ಇಂಚಿನ ಹಾಲೋ ಸುಮಾರು 0.11 ಮಿ.ಮೀ. ಆಳ ಬಂದರೆ, ಅರ್ಧ ಇಂಚಿನದು 0.08, ಮುಕ್ಕಾಲು ಇಂಚಿನದು 0.055, ಒಂದು ಇಂಚಿನದು 0.04 ಮಾತ್ರ. ಬೇರೇನೂ ಹೇಳದಿದ್ದರೆ ಬಹಳಷ್ಟು ಅಂಗಡಿಗಳು ಅರ್ಧ ಇಂಚು ಹಿಡಿದುಕೊಡುತ್ತವೆ. ಈ ಆಳವನ್ನು ಬರಿಗಣ್ಣಿನಿಂದ ಅಳೆಯಲಾಗದು; ಎಷ್ಟು ಹಿಡಿದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳುವುದೊಂದೇ ದಾರಿ.

ಆಳವಾದ ತೋಡಿನಲ್ಲಿ ಅಂಚು ಚೂಪಾಗಿರುವುದರಿಂದ ಐಸಿನೊಳಗೆ ಬೇಗ ಇಳಿಯುತ್ತದೆ. ಒತ್ತಿ ಓಡುವಾಗ, ಬಿಗಿಯಾಗಿ ತಿರುಗುವಾಗ ಕಾಲು ಸರಿಯುವುದಿಲ್ಲ. ಆದರೆ ನೇರವಾಗಿ ಸಾಗುವಾಗಲೂ ಅದೇ ಅಂಚು ಐಸನ್ನು ಉಳುತ್ತಲೇ ಇರುವುದರಿಂದ ವೇಗ ತಗ್ಗುತ್ತದೆ, ಪಕ್ಕಕ್ಕೆ ತಿರುಗಿ ನಿಲ್ಲಿಸುವಾಗ ಬ್ಲೇಡು ಸವರಿ ನಿಲ್ಲುವ ಬದಲು ಗಡಗಡ ಎಂದು ನಡುಗುತ್ತದೆ, ಆಟದ ಕೊನೆಗೆ ತೊಡೆ ಉರಿಯುತ್ತದೆ. ಆಳವಿಲ್ಲದ ತೋಡು ಇದಕ್ಕೆ ತಿರುಗುಮುರುಗು: ದೂರದವರೆಗೆ ತೇಲಿದಂತೆ ಸಾಗಬಹುದು, ನಿಲ್ಲುವುದು ನಯ, ಆದರೆ ಕಾಲ ಮೇಲೆ ಕಾಲು ದಾಟಿಸಿ ತಿರುಗುವ ಕ್ರಾಸ್‌ಓವರಿನಲ್ಲಿ ಹಿಡಿತ ತಪ್ಪುವ ಭಯ. ಉದ್ದ ದೂರದ ವೇಗದ ಸ್ಕೇಟಿಂಗಿನವರು ತೋಡೇ ಇಲ್ಲದ ಚಪ್ಪಟೆ ಬ್ಲೇಡನ್ನು, ಅದೂ ಒಂದು ಮಿ.ಮೀ.ಗಿಂತ ಸ್ವಲ್ಪವಷ್ಟೇ ದಪ್ಪದ್ದನ್ನು ಬಳಸುವುದು ಈ ಸಾಗುವ ಗುಣಕ್ಕಾಗಿ. ಹಾಕಿಯವರಿಗೆ ಥಟ್ಟನೆ ನಿಂತು ಥಟ್ಟನೆ ಹೊರಡುವುದು ಬೇಕು, ಆದ್ದರಿಂದ ಅಷ್ಟು ದೂರ ಹೋಗಲಾಗದು.

ಆಯ್ಕೆ ಮಾಡುವಾಗ ಮೊದಲು ಆಟಗಾರರ ತೂಕ ನೋಡಿ. ಹಗುರ ಮೈಯ ಮಗು ಅಂಚನ್ನು ಐಸಿಗೆ ಒತ್ತುವ ಭಾರ ಕಡಿಮೆ, ಹಾಗಾಗಿ ಮಕ್ಕಳಿಗೆ 3/8ರಿಂದ 1/2 ಇಂಚು ಹೊಂದುತ್ತದೆ. ತೂಕದ ವಯಸ್ಕರು 5/8 ಅಥವಾ ಮುಕ್ಕಾಲು ಇಂಚಿನಲ್ಲೂ ಸಾಕಷ್ಟು ಹಿಡಿತ ಪಡೆಯುತ್ತಾರೆ. ಎರಡನೆಯದು ಐಸು. ಗಡುಸಾದ, ಹೆಚ್ಚು ತಣ್ಣಗಿನ ಐಸಿನಲ್ಲಿ ಅಂಚು ಇಳಿಯುವುದು ಕಷ್ಟ, ಅಲ್ಲಿ ತುಸು ಆಳದ ತೋಡು ಬೇಕು. ಹಲವು ಗುಂಪುಗಳು ಆಡಿ ಮೆತ್ತಗಾದ ಸಂಜೆಯ ಐಸಿನಲ್ಲಿ ಅದೇ ತೋಡು ಹೂತುಕೊಳ್ಳುತ್ತದೆ. ಲೇಹ್‌ನ ಗುಪುಕ್ಸ್ ಕೊಳದಂಥ ಬಯಲು ಐಸಿನ ಮೇಲೆ ಆಡುವವರಿಗೆ ಇನ್ನೊಂದು ಕಷ್ಟವಿದೆ: ಗಾಳಿಗೆ ಬಂದು ಬೀಳುವ ಧೂಳು, ಮರಳು ಅಂಚನ್ನು ಬೇಗ ಸವೆಸುತ್ತವೆ. ಅಲ್ಲಿ ಹಾಲೋದ ಅಳತೆಗಿಂತ ಮೇಲಿಂದ ಮೇಲೆ ಅಂಚನ್ನು ನೋಡಿಕೊಳ್ಳುವುದು ಮುಖ್ಯವಾಗುತ್ತದೆ. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಲಡಾಖಿನ ಆಟಗಾರ್ತಿಯರೇ ಹೆಚ್ಚು. ಅಂಥ ಐಸಿನ ಮೇಲೆ ಕಲಿತು ಅಲ್ಲಿಯವರೆಗೆ ಬಂದವರು ಎಂದು ನೆನೆದಾಗ ನನಗೆ ಅವರ ಬಗ್ಗೆ ಗೌರವ ಹೆಚ್ಚುತ್ತದೆ.

ಬದಲಿಸುವುದಾದರೆ ಒಂದು ಸಲಕ್ಕೆ 1/8 ಇಂಚಿಗಿಂತ ಹೆಚ್ಚು ಬದಲಿಸಬೇಡಿ, ಬದಲಿಸಿದ ಮೇಲೆ ಮೂರು ನಾಲ್ಕು ಸಲವಾದರೂ ಆಡಿದ ನಂತರವೇ ತೀರ್ಮಾನಕ್ಕೆ ಬನ್ನಿ. ಮೊದಲ ದಿನ ಯಾವ ಹೊಸ ಅಳತೆಯೂ ವಿಚಿತ್ರವೆನಿಸುತ್ತದೆ. ದುಂಡು ತೋಡಿನ ಬದಲು ನಡುವೆ ಚಪ್ಪಟೆ ತಳ, ಎರಡು ಬದಿಗೆ ಓರೆಯಾಗಿ ಇಳಿಯುವ ಅಂಚುಗಳಿರುವ ಇನ್ನೊಂದು ಬಗೆಯೂ ಇದೆ. ಬ್ಲ್ಯಾಕ್‌ಸ್ಟೋನ್ ಕಂಪನಿ ತಂದ ಇದನ್ನು ಫ್ಲ್ಯಾಟ್ ಬಾಟಮ್ ವಿ ಎನ್ನುತ್ತಾರೆ. ಹಿಡಿತ ಉಳಿಸಿಕೊಂಡೇ ಹೆಚ್ಚು ಸಾಗುವುದು ಅದರ ಉದ್ದೇಶ. 100/50, 90/75 ಎಂಬಂತೆ ಎರಡು ಸಂಖ್ಯೆ ಹೇಳುತ್ತಾರೆ. ಮೊದಲನೆಯದು ಚಪ್ಪಟೆ ಭಾಗದ ಅಗಲಕ್ಕೆ, ಎರಡನೆಯದು ಅಂಚಿನ ಎತ್ತರಕ್ಕೆ ಸಂಬಂಧಿಸಿದ್ದು. ಕಲಿಯುವ ಮಕ್ಕಳಿಗೆ ಸಾಮಾನ್ಯ ದುಂಡು ತೋಡೇ ಸಾಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಎಲ್ಲ ಅಂಗಡಿಯಲ್ಲೂ ಒಂದೇ ರೀತಿ ಸಿಗುತ್ತದೆ.

ಮೂರನೆಯ ಹೆಜ್ಜೆ: ಪ್ರೊಫೈಲ್, ತಿರುವಿನ ತವರು

ಬ್ಲೇಡನ್ನು ಗಾಜಿನ ಮೇಜಿನ ಮೇಲೆ ನಿಲ್ಲಿಸಿ ಹಿಂದೆ ಮುಂದೆ ತೂಗಿ ನೋಡಿ. ತೊಟ್ಟಿಲ ತಳದ ಪಟ್ಟಿಯಂತೆ ಅದು ತೂಗುತ್ತದೆ, ಅದಕ್ಕೇ ಇದನ್ನು ರಾಕರ್ ಎಂದೂ ಕರೆಯುತ್ತಾರೆ. ಈ ಬಾಗು ಒಂದು ದೊಡ್ಡ ವೃತ್ತದ ತುಂಡು; ಹಾಕಿ ಸ್ಕೇಟುಗಳಲ್ಲಿ ಆ ವೃತ್ತದ ತ್ರಿಜ್ಯ ಸಾಮಾನ್ಯವಾಗಿ 9ರಿಂದ 11 ಅಡಿ, ಬೇಕೆಂದವರಿಗೆ 7 ಅಡಿಯಿಂದ 13 ಅಡಿಯವರೆಗೂ ಮಾಡಿಕೊಡುತ್ತಾರೆ. ಅಡಿ ಕಡಿಮೆಯಾದಷ್ಟೂ ಬಾಗು ಹೆಚ್ಚು, ಐಸನ್ನು ಮುಟ್ಟುವ ಉದ್ದ ಕಡಿಮೆ. ಬ್ಲೇಡು ಐಸಿನೊಳಗೆ 0.1 ಮಿ.ಮೀ. ಇಳಿಯಿತು ಎಂದುಕೊಂಡು ಲೆಕ್ಕ ಹಾಕಿದರೆ 7 ಅಡಿಯ ಬಾಗಿನಲ್ಲಿ ಸುಮಾರು 41 ಮಿ.ಮೀ., 10 ಅಡಿಯದರಲ್ಲಿ 49, 13 ಅಡಿಯದರಲ್ಲಿ 56 ಮಿ.ಮೀ. ಉದ್ದ ಮಾತ್ರ ಐಸಿಗೆ ತಾಗುತ್ತದೆ. ಬ್ಲೇಡಿನ ಒಟ್ಟು ಉದ್ದ 280 ಮಿ.ಮೀ. ಇದ್ದರೂ ಅಷ್ಟೇ.

ತಿರುವು ಹೇಗೆ ಹುಟ್ಟುತ್ತದೆಂದು ತಿಳಿಯಲು ಮೇಜಿನ ಮೇಲೆ ಒಂದು ನಾಣ್ಯವನ್ನು ಉರುಳಿಸಿ. ನೆಟ್ಟಗಿರುವಷ್ಟು ಹೊತ್ತು ಅದು ನೇರವಾಗಿ ಹೋಗುತ್ತದೆ, ವಾಲಿದೊಡನೆ ವಾಲಿದ ಕಡೆಗೇ ಸುತ್ತುತ್ತದೆ, ಹೆಚ್ಚು ವಾಲಿದಷ್ಟೂ ಸಣ್ಣ ಸುತ್ತು. ಬ್ಲೇಡು ಉರುಳುವುದಿಲ್ಲವಾದರೂ ಅದರ ದುಂಡು ಅಂಚು ಓರೆಯಾದಾಗ ಐಸಿನ ಮೇಲೆ ಬಿಡುವ ಗೆರೆ ನೇರವಾಗಿರುವುದಿಲ್ಲ, ಬಾಗಿರುತ್ತದೆ. ಸ್ಕೇಟು ಆ ಬಾಗಿದ ಗೆರೆಯನ್ನೇ ದಾರಿಯಾಗಿ ಹಿಡಿಯುತ್ತದೆ. ರೇಖಾಗಣಿತದ ಪ್ರಕಾರ, ಪ್ರೊಫೈಲಿನ ತ್ರಿಜ್ಯವನ್ನು ವಾಲಿದ ಕೋನದ ಸೈನಿನಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಸಿಗುತ್ತದೆ. ರಿಂಕಿನಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬೀಳಿಸಿ ಆಟ ಶುರುಮಾಡುವ ದೊಡ್ಡ ವೃತ್ತಗಳ ತ್ರಿಜ್ಯ 15 ಅಡಿ. 10 ಅಡಿಯ ಪ್ರೊಫೈಲಿನ ಬ್ಲೇಡು ತಾನಾಗಿ ಆ ಗೆರೆಯ ಮೇಲೆ ಹೋಗಬೇಕಾದರೆ ಸುಮಾರು 42 ಡಿಗ್ರಿ ವಾಲಬೇಕು. 9 ಅಡಿಯದಾದರೆ 37 ಡಿಗ್ರಿ ಸಾಕು, 11 ಅಡಿಯದಕ್ಕೆ 47 ಡಿಗ್ರಿ ಬೇಕು, 13 ಅಡಿಯದಕ್ಕೆ 60.

ಇಷ್ಟು ವಾಲಿಯೂ ಬೀಳದಿರಬೇಕೆಂದರೆ ವೇಗ ಬೇಕು. ಆ ವೃತ್ತದ ಮೇಲೆ 42 ಡಿಗ್ರಿ ವಾಲಿ ಸಮತೋಲದಲ್ಲಿರಲು ಗಂಟೆಗೆ ಸುಮಾರು 23 ಕಿ.ಮೀ. ವೇಗವಿರಬೇಕು, ಪಳಗಿದ ಆಟಗಾರರಿಗೆ ಅದು ಲೆಕ್ಕಕ್ಕಿಲ್ಲ. ಆದರೆ 15 ಕಿ.ಮೀ. ವೇಗದಲ್ಲಿ ಬರುವ ಮಗುವಿನ ಮೈ ಅಲ್ಲಿ ವಾಲುವುದು 21 ಡಿಗ್ರಿಯಷ್ಟೇ. ಆ ಓರೆಯಲ್ಲಿ 10 ಅಡಿಯ ಬ್ಲೇಡು ತಾನಾಗಿ ಹಿಡಿಯುವ ದಾರಿ ಸುಮಾರು 28 ಅಡಿ ತ್ರಿಜ್ಯದ್ದು. ಉಳಿದದ್ದನ್ನು ಮಗು ಕಣಕಾಲನ್ನು ಇನ್ನಷ್ಟು ಒಳಕ್ಕೆ ಓರೆ ಮಾಡಿಯೋ, ಹಿಮ್ಮಡಿಯನ್ನು ಹೊರಕ್ಕೆ ತಳ್ಳಿಯೋ ತುಂಬಿಕೊಳ್ಳಬೇಕು. ಮಕ್ಕಳು ತಿರುವಿನಲ್ಲಿ ಐಸನ್ನು ಕೆರೆಯುತ್ತಾ ಹೋಗುವುದು ಇದರಿಂದಲೇ. ನಿಜವಾದ ಐಸಿನಲ್ಲಿ ಬ್ಲೇಡು ಒಳಗಿಳಿಯುವುದರಿಂದ, ಪಾದ ತಿರುಚಿಕೊಳ್ಳುವುದರಿಂದ ಈ ಅಂಕಿಗಳು ಹೀಗೆಯೇ ನಿಲ್ಲುವುದಿಲ್ಲ, ಆದರೆ ದಿಕ್ಕು ಇದೇ: ಹೆಚ್ಚು ಬಾಗಿದ ಬ್ಲೇಡು ಕಡಿಮೆ ವೇಗದಲ್ಲೂ ಸುಲಭವಾಗಿ ತಿರುಗುತ್ತದೆ, ಚಪ್ಪಟೆಯಾದದ್ದು ದೊಡ್ಡ ತಿರುವನ್ನು ಬಯಸುತ್ತದೆ. ಬದಲಿಗೆ ಚಪ್ಪಟೆ ಬ್ಲೇಡಿನಲ್ಲಿ ಐಸಿಗೆ ತಾಗುವ ಉದ್ದ ಹೆಚ್ಚಿರುವುದರಿಂದ ನೇರ ಓಟದಲ್ಲಿ ಸ್ಥಿರತೆ ಇದೆ, ಡಿಕ್ಕಿ ಹೊಡೆದಾಗ ಕಾಲು ತಡೆಯುತ್ತದೆ. ಗೋಲು ಕಾಯುವವರ ಬ್ಲೇಡು ಉಳಿದ ಆಟಗಾರರದಕ್ಕಿಂತ ದಪ್ಪವಾಗಿ, ಬಹಳ ಚಪ್ಪಟೆಯಾಗಿರುವುದು ಪಕ್ಕಕ್ಕೆ ಸರಿದು ಗಟ್ಟಿಯಾಗಿ ನಿಲ್ಲಲೆಂದು.

ಈಗ ನಿಮ್ಮ ಬ್ಲೇಡನ್ನು ಪರೀಕ್ಷಿಸಿ. ಹೋಲ್ಡರಿನಿಂದ ಎರಡೂ ಬ್ಲೇಡುಗಳನ್ನು ಬಿಚ್ಚಿ, ತಳಕ್ಕೆ ತಳ ತಾಗುವಂತೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ. ನಡುವೆ ತಾಗಿ, ಎರಡು ತುದಿಗಳಲ್ಲಿ ಬೆಳಕಿನ ಸಂದು ನಿಧಾನವಾಗಿ ಅಗಲವಾಗುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಬೆಳಕು ತೂರಿದರೆ ಅಲ್ಲಿ ತಗ್ಗು ಬಿದ್ದಿದೆ. ಬಳಿಕ ಎರಡನ್ನೂ ಪಕ್ಕಪಕ್ಕ ಜೋಡಿಸಿ ಬಾಗು ಒಂದೇ ಇದೆಯೇ ನೋಡಿ. ಕೈಯಿಂದ ಸಾಣೆ ಹಿಡಿಯುವಾಗ ಮುಂಗಾಲು, ಹಿಮ್ಮಡಿಗಳಲ್ಲಿ ಚಕ್ರ ಹೆಚ್ಚು ಹೊತ್ತು ನಿಂತರೆ ಅಲ್ಲಿನ ಉಕ್ಕು ಹೆಚ್ಚು ಸವೆದು, ತಿಂಗಳುಗಳ ನಂತರ 10 ಅಡಿಯ ಬಾಗು ಯಾರಿಗೂ ತಿಳಿಯದಂತೆ ಕಡಿಮೆಯಾಗಿರುತ್ತದೆ. ಆಟಗಾರರು ಆಗ ವೇಗ ಕಳೆದುಕೊಂಡದ್ದಕ್ಕೆ ತಮ್ಮ ಕಾಲನ್ನೇ ದೂರುತ್ತಾರೆ. ಸೀಸನ್ನಿಗೊಮ್ಮೆ, ಆಟ ಶುರುವಾಗುವ ಮೊದಲು, ಅಚ್ಚು ಇಟ್ಟು ಪ್ರೊಫೈಲ್ ಮಾಡುವ ಯಂತ್ರವಿರುವ ಕಡೆ ಬಾಗನ್ನು ಸರಿಮಾಡಿಸುವುದು ದುಂದಲ್ಲ.

ಆಯ್ಕೆಯ ಮಟ್ಟಿಗೆ ಹೇಳುವುದಾದರೆ, ಕಲಿಯುವ ಮಕ್ಕಳಿಗೂ ಚುರುಕಾಗಿ ತಿರುಗುವ ಫಾರ್ವರ್ಡ್‌ಗಳಿಗೂ 9 ಅಥವಾ 10 ಅಡಿ, ಎತ್ತರದ, ಭಾರದ ಡಿಫೆನ್ಸ್ ಆಟಗಾರರಿಗೆ 11 ಅಡಿ ಎಂದು ಹೊರಡಬಹುದು. ಮುಂಗಾಲಿನ ಕಡೆ ಹೆಚ್ಚು ಬಾಗು, ಹಿಮ್ಮಡಿಯ ಕಡೆ ಕಡಿಮೆ ಬಾಗು ಇಟ್ಟು ಹಲವು ತ್ರಿಜ್ಯಗಳನ್ನು ಒಂದೇ ಬ್ಲೇಡಿನಲ್ಲಿ ಬೆಸೆಯುವ ಪ್ರೊಫೈಲುಗಳೂ ಇವೆ. ಸ್ವೀಡನ್ನಿನ ಪ್ರೊಶಾರ್ಪ್ ಕಂಪನಿಯ ಕ್ವಾಡ್ ಅವುಗಳಲ್ಲಿ ಹೆಸರಾದದ್ದು. ಹೊರಡುವಾಗ ಮುಂಗಾಲಿನ ಚುರುಕು, ಸಾಗುವಾಗ ಹಿಂದಿನ ಸ್ಥಿರತೆ ಎಂಬುದು ಅದರ ಹಿಂದಿನ ಯೋಚನೆ. ಒಂದೇ ತ್ರಿಜ್ಯದ ಬ್ಲೇಡನ್ನು ಚೆನ್ನಾಗಿ ಅರಿತ ಮೇಲೆ ಅದಕ್ಕೆ ಹೋದರೆ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಪಿಚ್

ಬಾಗಿನ ನಡುಬಿಂದುವನ್ನು ಹಿಂದಕ್ಕೆ ಸರಿಸಿದರೆ ಮೈ ಮುಂದಕ್ಕೆ ವಾಲುತ್ತದೆ, ಮುಂದಕ್ಕೆ ಸರಿಸಿದರೆ ಹಿಮ್ಮಡಿಯ ಮೇಲೆ ಭಾರ ಬೀಳುತ್ತದೆ. ನಿಂತಲ್ಲೇ ಹಿಂದಕ್ಕೆ ಬೀಳುವಂತಾಗುವುದು, ಅಥವಾ ಒತ್ತುವಾಗ ಮುಂಗಾಲು ಐಸಿಗೆ ಚುಚ್ಚಿಕೊಳ್ಳುವುದು ಪಿಚ್ ಹೊಂದದ್ದರ ಗುರುತು. ಆದರೆ ಲೇಸು ಸಡಿಲವಾಗಿದ್ದರೂ, ಬೂಟಿನ ಅಳತೆ ದೊಡ್ಡದಾಗಿದ್ದರೂ ಇದೇ ಲಕ್ಷಣಗಳು ಕಾಣುತ್ತವೆ, ಆದ್ದರಿಂದ ಮೊದಲು ಅವನ್ನು ನೋಡಿ. ಬೆಳೆಯುವ ಮಕ್ಕಳ ಪಿಚ್ ಮುಟ್ಟದಿರುವುದೇ ಲೇಸೆಂದು ನಾನು ಹೇಳುತ್ತೇನೆ.

ಐದನೆಯ ಹೆಜ್ಜೆ: ಐಸಿನ ಮೇಲೆ ಪರೀಕ್ಷೆ

ಬದಲಾವಣೆ ಮಾಡಿದ ಮೇಲೆ ಪ್ರತಿ ಸಲವೂ ಅದೇ ರಿಂಕಿನಲ್ಲಿ, ಸಾಧ್ಯವಾದರೆ ಐಸನ್ನು ಹೊಸದಾಗಿ ನುಣುಪು ಮಾಡಿದ ಮೇಲೆ, ಒಂದೇ ಪರೀಕ್ಷೆ ಮಾಡಿ. ದೊಡ್ಡ ವೃತ್ತದ ಗೆರೆಯ ಮೇಲೆ ಎಡಕ್ಕೆ ಐದು ಸುತ್ತು, ಬಲಕ್ಕೆ ಐದು ಸುತ್ತು; ಕಾಲು ಎಷ್ಟು ಸಲ ಸರಿಯಿತೆಂದು ಹೊರಗೆ ನಿಂತವರು ಎಣಿಸಲಿ. ಗೋಲಿನ ಗೆರೆಯಿಂದ ಮೂರು ಸಲ ಒತ್ತಿ, ಮತ್ತೆ ಒತ್ತದೆ ಎಲ್ಲಿಯವರೆಗೆ ಸಾಗಿದರೆಂದು ಗುರುತು ಮಾಡಲಿ. ಕೊನೆಗೆ ಎರಡೂ ಬದಿಗೆ ಮೂರು ಮೂರು ಸಲ ಥಟ್ಟನೆ ನಿಲ್ಲಲಿ. ಒಂದೇ ಕಡೆಗೆ ಸರಿದರೆ ಅಂಚಿನ ಸಮತೆ ನೋಡಿ. ಎರಡೂ ಕಡೆಗೆ ಸರಿದರೆ ತೋಡನ್ನು ಒಂದು ಹಂತ ಆಳ ಮಾಡಿಸಿ. ನಿಲ್ಲುವಾಗ ನಡುಗಿದರೆ, ಸಾಗುವ ದೂರ ಕಡಿಮೆಯಾದರೆ ತೋಡಿನ ಆಳವನ್ನು ಒಂದು ಹಂತ ಕಡಿಮೆ ಮಾಡಿಸಿ. ಕಾಲು ಸರಿಯದೆಯೂ ವೃತ್ತದ ಗೆರೆಯಿಂದ ಹೊರಕ್ಕೇ ಹೋಗುತ್ತಿದ್ದರೆ ಆಗ ಮಾತ್ರ ಪ್ರೊಫೈಲಿನ ಕಡೆ ಬನ್ನಿ.

ಆಟ ಮುಗಿದೊಡನೆ ಬ್ಲೇಡನ್ನು ಒರೆಸಿ ಒಣಗಿಸಿ. ಗಟ್ಟಿ ಪ್ಲಾಸ್ಟಿಕ್ಕಿನ ಕವಚವನ್ನು ನಡೆಯುವಾಗ ಮಾತ್ರ ಹಾಕಿ, ಚೀಲದಲ್ಲಿ ಬಟ್ಟೆಯ ಕವಚವಿರಲಿ, ಇಲ್ಲವಾದರೆ ಒಳಗೆ ಉಳಿದ ನೀರಿಗೆ ಅಂಚು ತುಕ್ಕು ಹಿಡಿಯುತ್ತದೆ. ರಬ್ಬರ್ ಹಾಸು ಇಲ್ಲದ ನೆಲದ ಮೇಲೆ ಬರಿ ಬ್ಲೇಡಿನಲ್ಲಿ ಒಂದು ಹೆಜ್ಜೆಯೂ ಇಡಬಾರದು.

ನನ್ನ ಮಗಳ ಚೀಲದ ಒಳಬದಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ, ಸಾಣೆಗೆ ಕೊಡುವಾಗ ಅದನ್ನೇ ತೋರಿಸುತ್ತಾಳೆ: ಹಾಲೋ ಅರ್ಧ ಇಂಚು, ಪ್ರೊಫೈಲ್ 9 ಅಡಿ, ಬಾಗಿನ ನಡುಬಿಂದು ಬ್ಲೇಡಿನ ನಡುವಿನಲ್ಲಿ, ಮುಂಗಾಲು ಮತ್ತು ಹಿಮ್ಮಡಿಯ ಕಡೆ ಹೆಚ್ಚು ಸವೆಸಬೇಡಿ, ಅಂಚು ಸಮವಿದೆಯೇ ನೋಡಿ ಕೊಡಿ. ಸ್ಕೇಟು ಕೈಗೆ ಬಂದೊಡನೆ ಅವಳೇ ಜೇಬಿನಿಂದ ನಾಣ್ಯ ತೆಗೆದು ಅಂಚಿನ ಮೇಲೆ ಇಟ್ಟು ನೋಡುತ್ತಾಳೆ.